ಶ್ರೀ ತೊಂಡರಡಿಪ್ಪೊಡಿ ಆಳ್ವಾರ್ (ವಿಪ್ರನಾರಾಯಣ) ಅವರ ಚರಿತ್ರೆ

ನಮ್ಮ ಕೊಡಗಿನ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ತಾಯಿ ಸಮುದ್ರ ಸೇರುವುದರೊಳಗೆ ಮೂರು ಕಡೆ ಎರಡಾಗಿ ಹರಿದು, ನಡುವೆ ಒಂದೊಂದು ದ್ವೀಪವನ್ನು ಬಿಟ್ಟಿದ್ದಾಳೆ. ಮೂರು ದ್ವೀಪಗಳಲ್ಲೂ ಶ್ರೀ ರಂಗನಾಥಸ್ವಾಮಿ ಪವಡಿಸಿದ್ದಾನೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಿರುಚಿರಾಪಳ್ಳಿಯ ಹತ್ತಿರದ ಶ್ರೀರಂಗ ಅಂತ್ಯರಂಗ. ಈ ಅಂತ್ಯರಂಗದಲ್ಲಿ ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಅದರ ಕವಲಾದ ಕೊಳ್ಳಿಡಂ. ಇಲ್ಲಿ ಹೇಳಹೊರಟಿರುವುದು ಆ ಎರಡು ಹೊಳೆಗಳ ನಡುವೆ ಹೂವಿನ ತೋಟ ಮಾಡಿಕೊಂಡಿದ್ದ ಒಬ್ಬ ಮಹಾಭಕ್ತನ ಚರಿತ್ರೆ.

ಶ್ರೀವೈಷ್ಣವ ಸಂಪ್ರದಾಯದಲ್ಲಿ ಆಳ್ವಾರರು ಹನ್ನೆರಡು ಮಂದಿ. ಅವರಲ್ಲಿ ತೊಂಡರಡಿಪ್ಪೊಡಿ ಆಳ್ವಾರ್ ಒಬ್ಬರು. ಸಂಸ್ಕೃತದಲ್ಲಿ ಭಕ್ತಾಂಘ್ರಿರೇಣು ಅನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ಭಕ್ತರ ಪಾದದ ಧೂಳು. ಇದು ತಂದೆತಾಯಿ ಇಟ್ಟ ಹೆಸರಲ್ಲ. ತಂದೆತಾಯಿ ಇಟ್ಟದ್ದು ವಿಪ್ರನಾರಾಯಣ ಅಂತ. ಒಳ್ಳೆಯ ಹೆಸರನ್ನು ಬಿಟ್ಟು ತನ್ನನ್ನು ತಾನೇ ಧೂಳು ಎಂದು ಯಾಕೆ ಕರೆದುಕೊಂಡರು ಎನ್ನುವುದರಲ್ಲೇ ಇವರ ಇಡೀ ಚರಿತ್ರೆ ಅಡಗಿದೆ. ಹಿರಿಯ ಯಾತ್ರಿಕರಲ್ಲಿ ಕೆಲವರು 1954ರಲ್ಲಿ ಬಂದ ತೆಲುಗು ಸಿನಿಮಾ ವಿಪ್ರನಾರಾಯಣ ನೋಡಿರಬಹುದು, ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಭಾನುಮತಿ ಮಾಡಿದ್ದು. ಇಲ್ಲಿ ಹೇಳುವುದು ಗುರುಪರಂಪರೆಯ ಗ್ರಂಥಗಳಲ್ಲಿ ಬಂದಿರುವ ಕಥೆ.

ಚೋಳದೇಶದ ಕುಂಭಕೋಣದ ಸಮೀಪ ತಿರುಮಂಡಂಗುಡಿ ಎಂಬ ಸಣ್ಣ ಊರು. ಅಲ್ಲಿ ಒಂದು ಬ್ರಾಹ್ಮಣ ಮನೆತನದಲ್ಲಿ ಧನುರ್ಮಾಸದ ಜ್ಯೇಷ್ಠಾ ನಕ್ಷತ್ರದಂದು ವಿಪ್ರನಾರಾಯಣರ ಜನನ. ಭಗವಂತನ ಕೊರಳಿನ ವನಮಾಲೆಯ ಅಂಶ ಇವರು ಎಂದು ಪೂರ್ವಾಚಾರ್ಯರು ಹೇಳಿದ್ದಾರೆ. ಇತಿಹಾಸ ಬಲ್ಲವರು ಇವರ ಕಾಲವನ್ನು ಸುಮಾರು 8-9ನೇ ಶತಮಾನ ಎನ್ನುತ್ತಾರೆ. ಬಾಲ್ಯದಲ್ಲಿ ವೇದಶಾಸ್ತ್ರ ಕಲಿತರು. ಮದುವೆಯ ಕಡೆ ಮನಸ್ಸು ಹೋಗಲಿಲ್ಲ. ದಿವ್ಯಕ್ಷೇತ್ರಗಳ ದರ್ಶನ ಮಾಡಬೇಕು ಎಂದು ಹೊರಟವರು ಶ್ರೀರಂಗಕ್ಕೆ ಬಂದರು. ರಂಗನಾಥನ ಮುಂದೆ ನಿಂತ ಮೇಲೆ ಇನ್ನೊಂದು ಕ್ಷೇತ್ರಕ್ಕೆ ಹೋಗಲು ಅವರಿಂದ ಆಗಲಿಲ್ಲ. ಅಲ್ಲೇ ನಿಂತುಬಿಟ್ಟರು.

ನಿಂತ ಮೇಲೆ ಏನಾದರೂ ಸೇವೆ ಬೇಕಲ್ಲ. ಪೆರಿಯಾಳ್ವಾರರು ಶ್ರೀವಿಲ್ಲಿಪುತ್ತೂರಿನಲ್ಲಿ ತೋಟ ಮಾಡಿ ದೇವರಿಗೆ ಹೂಮಾಲೆ ಕಟ್ಟುತ್ತಿದ್ದ ದಾರಿಯನ್ನೇ ಇವರೂ ಹಿಡಿದರು. ಒಂದಷ್ಟು ಜಾಗ ಹದ ಮಾಡಿ ನಂದನವನ ಬೆಳೆಸಿದರು. ತುಳಸಿ ಹಾಕಿದರು, ಹೂಗಿಡ ಹಾಕಿದರು. ತೋಟದಲ್ಲೇ ಒಂದು ಎಲೆಗುಡಿಸಲು. ಊಟಕ್ಕೆ ಭಿಕ್ಷೆ. ಮೈಮೇಲೆ ಒಂದು ಬಟ್ಟೆ, ಹೊದೆಯಲು ಒಂದು ಉತ್ತರೀಯ.

ತೋಟ ಇಟ್ಟವರಿಗೆ ಗೊತ್ತು, ಹೂವಿನ ಕೆಲಸ ಒಂದು ದಿನದ ರಜೆಯನ್ನೂ ಕೊಡುವುದಿಲ್ಲ. ನಿನ್ನೆ ಕಟ್ಟಿದ ಮಾಲೆ ಇವತ್ತಿಗೆ ಬರುವುದಿಲ್ಲ. ಕತ್ತಲಲ್ಲೇ ಏಳಬೇಕು, ಸ್ನಾನ ಮಾಡಬೇಕು, ಬಿಸಿಲೇರುವ ಮುಂಚೆ ಬಿಡಿಸಬೇಕು, ಬಾಡದ ಹಾಗೆ ಕಟ್ಟಬೇಕು, ಸ್ವಾಮಿಯ ಪೂಜೆಯ ವೇಳೆಗೆ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿರಬೇಕು. ಸಂಜೆಗೆ ನೀರು ಹೊತ್ತು ಹಾಕಬೇಕು. ವಿಪ್ರನಾರಾಯಣರು ಇದನ್ನು ವರ್ಷಗಟ್ಟಲೆ ಮಾಡಿದರು. ಒಂದು ದಿನವೂ ತಪ್ಪಿಸಲಿಲ್ಲ. ಊರ ಜನ, ಅರ್ಚಕರು ಎಲ್ಲರಿಗೂ ಅವರ ಬಗ್ಗೆ ಗೌರವ. ಹೆಣ್ಣು, ಹೊನ್ನು ಯಾವುದರ ಕಡೆಯೂ ತಿರುಗಿ ನೋಡದ ವಿರಕ್ತ ಎಂದು ಹೆಸರಾಯಿತು. ಅಂಥ ಹೆಸರು ಬಂದ ಮೇಲೆ ಮನುಷ್ಯ ತನ್ನ ಬಾಗಿಲನ್ನು ತಾನು ಕಾಯುವುದನ್ನು ಸ್ವಲ್ಪ ಸಡಿಲ ಮಾಡುತ್ತಾನೆ. ಕಾಯುವ ಅಗತ್ಯವೇ ಇಲ್ಲ ಅಂದುಕೊಳ್ಳುತ್ತಾನೆ.

ಶ್ರೀರಂಗಕ್ಕೆ ಉತ್ತರಕ್ಕೆ, ಕೊಳ್ಳಿಡಂ ದಾಟಿದರೆ ತಿರುಕ್ಕರಂಬನೂರು ಸಿಗುತ್ತದೆ. ಈಗ ಉತ್ತಮರ್‌ಕೋವಿಲ್ ಎಂದು ಕರೆಯುವ ಕ್ಷೇತ್ರ. ಆ ಊರಿನಲ್ಲಿ ದೇವದೇವಿ ಎಂಬ ಗಣಿಕೆ ಇದ್ದಳು. ಸಂಗೀತ ನೃತ್ಯಗಳಲ್ಲಿ ನಿಪುಣೆ. ಕಾವೇರಿಯ ತೆಂಕಣ ದಡದ ಉರೈಯೂರಿನಲ್ಲಿ ಚೋಳರಾಜನ ಆಸ್ಥಾನ. ಅವಳು ಅಲ್ಲಿ ನರ್ತನ ಮಾಡಿ ಮರ್ಯಾದೆ ಪಡೆದು ತನ್ನ ಅಕ್ಕನ ಜೊತೆ ಊರಿಗೆ ಹಿಂತಿರುಗುತ್ತಿದ್ದಳು. ಉರೈಯೂರಿನಿಂದ ಕರಂಬನೂರಿಗೆ ಹೋಗುವವರು ಎರಡೂ ಹೊಳೆ ದಾಟಲೇಬೇಕು, ನಡುವೆ ಶ್ರೀರಂಗ ಬರಲೇಬೇಕು. ಬಿಸಿಲಲ್ಲಿ ದಣಿದವರಿಗೆ ದಾರಿಯಲ್ಲಿ ಒಂದು ತೋಟ ಕಂಡಿತು. ನೆರಳು, ತಂಪು, ಹೂವಿನ ಸುವಾಸನೆ. ಒಳಗೆ ಬಂದರು.

ವಿಪ್ರನಾರಾಯಣರು ಪಾತಿ ಮಾಡುತ್ತಿದ್ದರು. ಇಬ್ಬರು ಹೆಂಗಸರು ಬಂದು ನಮಸ್ಕಾರ ಮಾಡಿದರೂ ಅವರು ತಲೆ ಎತ್ತಲಿಲ್ಲ. ರಾಜನೇ ಕಣ್ಣೆತ್ತಿ ನೋಡುವ ತನ್ನನ್ನು ಒಬ್ಬ ಮಣ್ಣು ಕೆದಕುವವ ನೋಡಲಿಲ್ಲ ಎಂದು ದೇವದೇವಿಗೆ ಮಾನ ಹೋದಂತಾಯಿತು. ಅವನು ಹುಚ್ಚನೋ ಏನೋ ಎಂದಳು. ಅಕ್ಕನಿಗೆ ಅವರ ವಿಷಯ ಗೊತ್ತಿತ್ತು. ಇವರು ರಂಗನಾಥನ ದಾಸರು, ನಿನ್ನಂಥವರ ಆಟ ಇಲ್ಲಿ ನಡೆಯುವುದಿಲ್ಲ ಎಂದು ತಂಗಿಗೆ ಹೇಳಿದಳು. ಮಾತಿಗೆ ಮಾತು ಬೆಳೆದು ಪಂತಕ್ಕೆ ತಿರುಗಿತು. ಆರು ತಿಂಗಳೊಳಗೆ ಇವರನ್ನು ತನ್ನ ಹಿಂದೆ ತಿರುಗುವಂತೆ ಮಾಡದಿದ್ದರೆ ಅಕ್ಕನಿಗೆ ದಾಸಿಯಾಗಿರುತ್ತೇನೆ ಎಂದಳು ತಂಗಿ. ಮಾಡಿದರೆ ತಾನೇ ದಾಸಿ ಎಂದು ಅಕ್ಕ ಒಪ್ಪಿದಳು. ದೇವದೇವಿ ಮೈಮೇಲಿನ ಒಡವೆಗಳನ್ನು ಬಿಚ್ಚಿ ಅಕ್ಕನ ಕೈಗೆ ಕೊಟ್ಟು ಕಳಿಸಿದಳು.

ಇಲ್ಲಿಂದ ಮುಂದಿನದನ್ನು ಕೆಲವರು ಹರಿಕಥೆಯಲ್ಲಿ ಬೇಗ ಬೇಗ ಹೇಳಿ ಮುಗಿಸುತ್ತಾರೆ. ಅವಳು ಬಂದಳು, ಕಣ್ಣು ಹೊಡೆದಳು, ಇವರು ಬಿದ್ದರು ಅಂತ. ಹಾಗಲ್ಲ. ಹಾಗೆ ಬಿದ್ದಿದ್ದರೆ ಇವರ ಕಥೆಯನ್ನು ಸಾವಿರ ವರ್ಷ ಯಾರೂ ನೆನಪಿಡುತ್ತಿರಲಿಲ್ಲ. ಅವರು ಬೀಳಲು ಆರು ತಿಂಗಳು ಹಿಡಿಯಿತು. ಒಂದೊಂದು ಹೆಜ್ಜೆಯೂ ನೋಡಿದವರಿಗೆ ಒಳ್ಳೆಯದಾಗಿಯೇ ಕಾಣುವಂತಿತ್ತು.

ಕಾವಿ ಬಣ್ಣದ ಸಾದಾ ಸೀರೆ ಉಟ್ಟು, ಕೊರಳಿಗೆ ತುಳಸಿಮಣಿ ಹಾಕಿಕೊಂಡು ದೇವದೇವಿ ಮತ್ತೆ ಬಂದಳು. ಕಾಲಿಗೆ ಬಿದ್ದಳು. ತಾನು ಪಾಪದ ಕುಲದಲ್ಲಿ ಹುಟ್ಟಿದವಳು, ಆ ಬಾಳು ಬೇಸರವಾಗಿದೆ, ರಂಗನಾಥನ ತೋಟದಲ್ಲಿ ನೀರು ಹೊತ್ತಾದರೂ ಜನ್ಮ ಸಾರ್ಥಕ ಮಾಡಿಕೊಳ್ಳುತ್ತೇನೆ ಎಂದು ಬೇಡಿಕೊಂಡಳು. ವಿಪ್ರನಾರಾಯಣರ ಮನಸ್ಸಿನೊಳಗೆ ಆಗ ಒಂದು ಮಾತು ಎದ್ದಿರಲೇಬೇಕು. ಒಂಟಿಯಾಗಿ ವ್ರತದಲ್ಲಿರುವವನ ಗುಡಿಸಲ ಹತ್ತಿರ ಒಬ್ಬ ಹೆಣ್ಣನ್ನು ಇಟ್ಟುಕೊಳ್ಳಬಾರದು, ಊರೊಳಗೆ ಇಷ್ಟು ಜನ ಭಾಗವತರ ಮನೆಗಳಿವೆ, ಅಲ್ಲಿ ಕಳಿಸು ಎಂದು. ಶಾಸ್ತ್ರ ಓದಿದವರಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಶರಣು ಬಂದವಳನ್ನು ತಳ್ಳಬಹುದೇ, ಒಂದು ಜೀವ ಉದ್ಧಾರವಾಗುವುದಾದರೆ ಬೇಡ ಅನ್ನಬಹುದೇ ಎಂಬ ಇನ್ನೊಂದು ಮಾತು ಅದನ್ನು ಸುಮ್ಮನಾಗಿಸಿತು. ಇರು ಎಂದರು. ದಯೆಯಿಂದಲೇ ಅಂದದ್ದು, ಅದರಲ್ಲಿ ಸುಳ್ಳಿಲ್ಲ.

ಅವಳು ಕೆಲಸ ಚೆನ್ನಾಗಿ ಮಾಡಿದಳು. ಅದನ್ನೂ ಹೇಳಬೇಕು. ನೀರು ಹೊತ್ತಳು, ಕಳೆ ಕಿತ್ತಳು, ಗೊಬ್ಬರ ಹಾಕಿದಳು. ಅರಮನೆಯ ನೆಲದ ಮೇಲೆ ಕುಣಿದ ಕಾಲು ಕೆಸರಿನಲ್ಲಿ ನಿಂತಿತು. ತೋಟ ಮೊದಲಿಗಿಂತ ಚೆನ್ನಾಗಿ ಬಂತು. ವಿಪ್ರನಾರಾಯಣರು ಭಿಕ್ಷೆಯಿಂದ ತಂದದ್ದರಲ್ಲಿ ಉಳಿದ ಪ್ರಸಾದ ಅವಳಿಗೆ. ಮೊದಮೊದಲು ಎಲೆಯ ಮೇಲೆ ಇಟ್ಟು ದೂರ ಹೋಗುತ್ತಿದ್ದವರು ಆಮೇಲೆ ಕೆಲಸದ ಬಗ್ಗೆ ಒಂದೆರಡು ಮಾತು ಆಡತೊಡಗಿದರು. ಯಾವ ಗಿಡ ಮೊಗ್ಗು ಬಿಟ್ಟಿತು, ಯಾವುದಕ್ಕೆ ಹುಳ ಬಿತ್ತು, ಇಷ್ಟೇ. ದೇವರ ತೋಟದ ಮಾತಿಗೆ ತಪ್ಪೇನು? ಒಳಗಿನ ಧ್ವನಿ ಒಂದು ಸಲ ಎಚ್ಚರಿಸಿದಾಗ ಕೇಳದಿದ್ದರೆ ಎರಡನೇ ಸಲ ಅದು ಸ್ವಲ್ಪ ಮೆಲ್ಲಗೆ ಕೇಳಿಸುತ್ತದೆ. ಅದು ಬಾಯಿ ಮುಚ್ಚಿಕೊಳ್ಳುವುದಿಲ್ಲ, ನಮ್ಮ ಕಿವಿಯೇ ಮಂದವಾಗುತ್ತದೆ. ಕಾಲಿಗೆ ಚುಚ್ಚಿದ ಕಲ್ಲು ದಿನಾ ತುಳಿದರೆ ಅಂಗಾಲೇ ಗಟ್ಟಿಯಾಗುವುದಿಲ್ಲವೇ, ಹಾಗೆ.

ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ ಶ್ರೀಕೃಷ್ಣ ಪರಮಾತ್ಮ ಅರ್ಜುನನಿಗೆ ಇದೇ ಕ್ರಮವನ್ನು ಹೇಳಿದ್ದಾನೆ. ವಿಷಯವನ್ನು ನೆನೆಯುತ್ತಾ ಇದ್ದರೆ ಅದರ ಮೇಲೆ ಸಂಗ ಬೆಳೆಯುತ್ತದೆ, ಸಂಗದಿಂದ ಆಸೆ, ಆಸೆಯಿಂದ ಸಿಟ್ಟು, ಅದರಿಂದ ಮಂಕು, ಮಂಕಿನಿಂದ ನೆನಪು ಕೆಡುವುದು, ಕೊನೆಗೆ ಬುದ್ಧಿಯೇ ನಾಶ. ಈ ಮೆಟ್ಟಿಲುಗಳಲ್ಲಿ ಮೊದಲನೆಯದು ಎಷ್ಟು ಸಣ್ಣದು ನೋಡಿ, ಬರೀ ನೆನೆಯುವುದು. ವಿಪ್ರನಾರಾಯಣರು ಈ ಶ್ಲೋಕಗಳನ್ನು ಬಾಯಿಪಾಠ ಬಲ್ಲವರು. ಬಲ್ಲವರಿಗೂ ಅದು ತಪ್ಪಲಿಲ್ಲ.

ಆರು ತಿಂಗಳು ಹತ್ತಿರ ಬಂತು. ಪಂತದ ಗಡುವು ಮುಗಿಯುತ್ತಾ ಬಂದರೂ ದೇವದೇವಿ ದುಡುಕಲಿಲ್ಲ. ಒಂದು ದಿನ ದೊಡ್ಡ ಮಳೆ ಹಿಡಿಯಿತು. ಗಾಳಿಯೂ ಸೇರಿತು. ವಿಪ್ರನಾರಾಯಣರು ಗುಡಿಸಲೊಳಗೆ ಇದ್ದರು. ಅವಳು ಹೊರಗೆ ಒಂದು ಮರದ ಬುಡದಲ್ಲಿ ನಡುಗುತ್ತಾ ನಿಂತಿದ್ದಳು. ಅವರು ನೋಡಿದರು. ಮಳೆಯಲ್ಲಿ ನಾಯಿ ನಿಂತಿದ್ದರೂ ಒಳಗೆ ಕರೆಯಬೇಕು, ಇವಳು ಮನುಷ್ಯಳು, ಆರು ತಿಂಗಳು ಸ್ವಾಮಿಯ ಸೇವೆ ಮಾಡಿದವಳು ಅನ್ನಿಸಿತು. ಕರೆದರು. ಒದ್ದೆಯಾಗಿದ್ದಳು, ತಮ್ಮ ಉತ್ತರೀಯ ಕೊಟ್ಟರು. ಅವಳು ಅದನ್ನು ಉಟ್ಟು ಬಂದು, ಇಷ್ಟು ದಿನ ದುಡಿದ ಕಾಲು ನೋಯುತ್ತಿರಬಹುದು, ಒತ್ತಲು ಅಪ್ಪಣೆ ಆಗಬೇಕು ಎಂದಳು. ಆ ಗಳಿಗೆಯಲ್ಲೂ ಬೇಡ ಎನ್ನಬಹುದಿತ್ತು. ಮಳೆಗೆ ಒಳಗೆ ಕರೆದದ್ದು ಧರ್ಮ, ಕಾಲು ಒತ್ತಿಸಿಕೊಳ್ಳುವುದು ಧರ್ಮವಲ್ಲ, ಎರಡಕ್ಕೂ ಮಧ್ಯೆ ಒಂದು ಗೆರೆ ಇತ್ತು. ಆದರೆ ಅದನ್ನು ತೋರಿಸಿಕೊಡಬೇಕಾದ ಧ್ವನಿಯನ್ನು ಆರು ತಿಂಗಳಿಂದ ಒಂದಲ್ಲ ಒಂದು ಒಳ್ಳೆಯ ಕಾರಣ ಹೇಳಿ ಕೂರಿಸಿದ್ದಾಗಿತ್ತು. ಬೇಡ ಎನ್ನುವ ಮಾತು ಬಾಯಿಗೆ ಬರಲಿಲ್ಲ.

ಮಾರನೆಯ ದಿನ ಬೆಳಗ್ಗೆ ರಂಗನಾಥನಿಗೆ ಹೂಮಾಲೆ ಹೋಗಲಿಲ್ಲ.

ಆಮೇಲಿನದೆಲ್ಲ ಇಳಿಜಾರಿನಲ್ಲಿ ಉರುಳಿದ ಹಾಗೆ. ಆರು ತಿಂಗಳಿನಲ್ಲಿ ಆಗದೇ ಇದ್ದದ್ದು ಕೆಲವೇ ದಿನಗಳಲ್ಲಿ ಆಯಿತು. ಮಾಲೆ ಕೈಂಕರ್ಯ ಮೊದಲು ತಡವಾಯಿತು, ನಂತರ ತಪ್ಪಿತು, ನಂತರ ನಿಂತೇಹೋಯಿತು. ಪಾತಿಗೆ ನೀರಿಲ್ಲ, ತುಳಸಿ ಒಣಗಿತು, ಹೂವು ಗಿಡದಲ್ಲೇ ಅರಳಿ ಗಿಡದಲ್ಲೇ ಉದುರಿತು. ಸಂಧ್ಯಾವಂದನೆಗೆ ಏಳುವವರಿಲ್ಲ. ಪಂತ ಗೆದ್ದ ದೇವದೇವಿ ಅವರನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಇದ್ದಬದ್ದದ್ದೆಲ್ಲ ಅವಳ ಮನೆ ಸೇರಿತು. ಕೈ ಬರಿದಾದ ಮೇಲೆ ಬಾಗಿಲು ಮುಚ್ಚಿತು. ಹಣ ತಂದರೆ ಒಳಗೆ, ಇಲ್ಲದಿದ್ದರೆ ಹೊರಗೆ ಎಂದಾಯಿತು. ಹೆಂಗಸರ ಕಡೆ ತಲೆ ಎತ್ತಿ ನೋಡದಿದ್ದ ಮನುಷ್ಯ ಒಬ್ಬ ಗಣಿಕೆಯ ಮನೆಯ ಜಗಲಿಯ ಮೇಲೆ ರಾತ್ರಿಯೆಲ್ಲ ಕೂತು ಒಳಗಿನ ಸದ್ದು ಕೇಳುತ್ತಿದ್ದರು. ದಾರಿಯಲ್ಲಿ ಹೋಗುವವರು ನೋಡಿ ನಕ್ಕರು. ಹಿಂದೆ ನಮಸ್ಕಾರ ಮಾಡಿದವರೇ ನಕ್ಕರು. ಅದೂ ಅವರಿಗೆ ನಾಟಲಿಲ್ಲ.

ಸಂಪ್ರದಾಯದಲ್ಲಿ ಮುಂದಿನದನ್ನು ಹೀಗೆ ಹೇಳುತ್ತಾರೆ. ಶ್ರೀರಂಗನಾಯಕಿ ಅಮ್ಮನವರು ಸ್ವಾಮಿಯ ಜೊತೆ ಹೋಗುವಾಗ ಈ ಬಾಗಿಲಲ್ಲಿ ಕೂತಿದ್ದವರನ್ನು ನೋಡಿ, ಇವರು ಯಾರು ಎಂದು ವಿಚಾರಿಸಿದರು. ಇವನು ನಮಗೆ ಮಾಲೆ ಕಟ್ಟುತ್ತಿದ್ದವನು ಎಂದು ಸ್ವಾಮಿ ತಿಳಿಸಿದ. ನಿಮಗೆ ದಿನಾ ಮಾಲೆ ಕಟ್ಟಿದವನನ್ನು ಹೀಗೆ ಬೀದಿಯಲ್ಲಿ ಬಿಡುವುದು ಸರಿಯೇ ಎಂದು ತಾಯಿ ಕೇಳಿದಳು. ತಾಯಿಯ ಶಿಫಾರಸು ಇಲ್ಲದೆ ಶ್ರೀವೈಷ್ಣವರ ಮನೆಯಲ್ಲಿ ಯಾವ ಕೆಲಸವೂ ಆಗುವುದಿಲ್ಲ. ಪುರುಷಕಾರ ಎಂದು ಹಿರಿಯರು ಹೇಳುವುದು ಇದನ್ನೇ.

ಆ ರಾತ್ರಿ ಯಾರೋ ಒಬ್ಬ ಆಳು ದೇವದೇವಿಯ ಬಾಗಿಲು ತಟ್ಟಿದ. ವಿಪ್ರನಾರಾಯಣರು ಕಳಿಸಿದ್ದಾರೆ ಎಂದು ಒಂದು ಚಿನ್ನದ ಬಟ್ಟಲು ಕೊಟ್ಟ. ಹೆಸರು ಕೇಳಿದರೆ ಅಳಗಿಯಮಣವಾಳ ದಾಸ ಎಂದ. ಅಳಗಿಯಮಣವಾಳ ಅಂದರೆ ಸುಂದರ ಮದುವಣಿಗ, ಅದು ಶ್ರೀರಂಗದ ಉತ್ಸವಮೂರ್ತಿಯ ತಿರುನಾಮ. ದೇವದೇವಿಗೆ ಅದು ಹೊಳೆಯಲಿಲ್ಲ. ಬಟ್ಟಲು ನೋಡಿ ಸಂತೋಷದಿಂದ ಒಳಗೆ ಬರಲು ಹೇಳಿ ಕಳಿಸಿದಳು. ಆ ಆಳು ಹೋಗಿ ಜಗಲಿಯಲ್ಲಿದ್ದವರಿಗೆ ತಿಳಿಸಿದ. ವಿಪ್ರನಾರಾಯಣರು ಬಟ್ಟಲು ಎಲ್ಲಿಂದ ಬಂತು, ಯಾರು ಕಳಿಸಿದರು ಎಂದು ಒಂದು ಮಾತು ಕೇಳಲಿಲ್ಲ. ಬಾಗಿಲು ತೆರೆಯಿತಲ್ಲ, ಅಷ್ಟೇ ಸಾಕಾಯಿತು, ಒಳಗೆ ಹೋದರು. ಎಷ್ಟು ದೂರ ಬಂದಿದ್ದರು ಎನ್ನಲು ಇದೊಂದು ಸಾಕು. ತಮ್ಮ ಹೆಸರಿನಲ್ಲಿ ಬಂದ ಚಿನ್ನ ತಮ್ಮದಲ್ಲ ಎಂದು ಅವರಿಗೆ ಮಾತ್ರ ಗೊತ್ತಿತ್ತು.

ಬೆಳಗಾಯಿತು. ಅರ್ಚಕರು ಗರ್ಭಗುಡಿ ತೆರೆದು ನೋಡಿದರೆ ತಿರುವಾರಾಧನೆಗೆ ಬಳಸುವ ಚಿನ್ನದ ಬಟ್ಟಲುಗಳಲ್ಲಿ ಒಂದು ಇಲ್ಲ. ದೇವಸ್ಥಾನದಲ್ಲಿ ಒಡವೆಯೋ ಪಾತ್ರೆಯೋ ಲೆಕ್ಕಕ್ಕೆ ಸಿಗದಿದ್ದರೆ ಏನಾಗುತ್ತದೆ ಎನ್ನುವುದು ಅಲ್ಲಿ ಕೆಲಸ ಮಾಡುವವರಿಗೇ ಗೊತ್ತು. ಬೀಗದ ಕೈ ಇಟ್ಟುಕೊಂಡವನಿಂದ ಹಿಡಿದು ದೀಪಕ್ಕೆ ಎಣ್ಣೆ ಹಾಕುವವನವರೆಗೆ ಎಲ್ಲರೂ ಕಳ್ಳರೇ. ರಾಜನಿಗೆ ದೂರು ಹೋಯಿತು. ಹುಡುಕಾಟ ನಡೆದು ಬಟ್ಟಲು ದೇವದೇವಿಯ ಮನೆಯಲ್ಲಿ ಸಿಕ್ಕಿತು. ವಿಪ್ರನಾರಾಯಣರೇ ಕಳಿಸಿದ್ದು ಎಂದಳು. ತಾನು ಕಳಿಸಿಲ್ಲ, ಕಳಿಸಲು ತನಗೆ ಆಳೂ ಇಲ್ಲ ಎಂದರು ಇವರು. ಯಾರು ನಂಬುತ್ತಾರೆ? ರಾಜಭಟರು ಹಿಡಿದು ಸೆರೆಮನೆಗೆ ಹಾಕಿದರು.

ಭಗವಂತನೇ ಬಟ್ಟಲು ಕೊಟ್ಟು ಭಕ್ತನನ್ನು ಕಳ್ಳತನದ ಆಪಾದನೆಗೆ ಗುರಿ ಮಾಡಿದ್ದು ಸರಿಯೇ ಎಂದು ಕಥೆ ಕೇಳಿದ ಯಾತ್ರಿಕರು ಕೆಲವರು ಕೇಳುವುದುಂಟು. ಮಗುವಿಗೆ ಕುರು ಎದ್ದಾಗ ತಾಯಿ ಮಗುವಿನ ಕೈಕಾಲು ಹಿಡಿದುಕೊಂಡು ವೈದ್ಯನ ಕತ್ತಿಗೆ ಒಡ್ಡುತ್ತಾಳೆ, ಮಗು ತಾಯಿಯನ್ನೇ ಬೈಯುತ್ತದೆ ಎಂದು ಹಿರಿಯರು ಇದಕ್ಕೆ ಸಮಾಧಾನ ಹೇಳುತ್ತಾರೆ. ಇನ್ನೂ ಒಂದು ಮಾತಿದೆ. ವಿಪ್ರನಾರಾಯಣರು ಬಟ್ಟಲು ಕದಿಯಲಿಲ್ಲ, ನಿಜ. ಆದರೆ ಆ ಕತ್ತಲೆಕೋಣೆಯಲ್ಲಿ ಕೂತಾಗ ತಾನು ಕಳ್ಳನಲ್ಲ ಎಂದು ಅವರಿಗೆ ಗಟ್ಟಿಯಾಗಿ ಹೇಳಿಕೊಳ್ಳಲು ಆಗಲಿಲ್ಲ. ಸ್ವಾಮಿಗೆ ಸೇರಬೇಕಾದ ಎಷ್ಟು ಬೆಳಗುಗಳು, ಎಷ್ಟು ಮಾಲೆಗಳು ಎಲ್ಲಿ ಹೋದವು? ಕಳ್ಳ ಎಂದು ಕರೆದ ಜನ ಪಾತ್ರೆಯ ವಿಷಯದಲ್ಲಿ ತಪ್ಪಿದ್ದರು, ಅವನ ವಿಷಯದಲ್ಲಿ ತಪ್ಪಿರಲಿಲ್ಲ. ಬಹಳ ದಿನಗಳ ನಂತರ ಒಳಗಿನ ಧ್ವನಿ ಅಲ್ಲಿ ಮತ್ತೆ ಕೇಳಿಸಿತು. ಅಡ್ಡ ಹೇಳಲು ಅವರ ಹತ್ತಿರ ಈಗ ಯಾವ ಒಳ್ಳೆಯ ಕಾರಣವೂ ಉಳಿದಿರಲಿಲ್ಲ.

ಆ ರಾತ್ರಿ ರಂಗನಾಥ ರಾಜನ ಕನಸಿನಲ್ಲಿ ಬಂದು, ಬಟ್ಟಲು ಕೊಂಡುಹೋಗಿ ಕೊಟ್ಟವನು ತಾನೇ, ಅವನನ್ನು ಬಿಡು ಎಂದು ಅಪ್ಪಣೆ ಮಾಡಿದ. ರಾಜ ಹೆದರಿ ಬೆಳಗ್ಗೆಯೇ ಬಂದು ವಿಪ್ರನಾರಾಯಣರನ್ನು ಬಿಡಿಸಿ ಕ್ಷಮೆ ಕೇಳಿದ.

ಇಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. ಸಾಕ್ಷಾತ್ ಭಗವಂತನೇ ತನಗಾಗಿ ಆಳಿನ ವೇಷ ಹಾಕಿದ, ರಾಜನೇ ಕೈಮುಗಿದ. ಬೇರೆಯವರಾಗಿದ್ದರೆ ನೋಡಿ ನನ್ನ ಭಕ್ತಿ ಎಷ್ಟು ದೊಡ್ಡದು ಎಂದು ತಿರುಗುತ್ತಿದ್ದರು. ಇವರು ನೇರವಾಗಿ ಊರಿನ ಹಿರಿಯರ ಬಳಿಗೆ ಹೋಗಿ ತಾನು ಮಾಡಿದ್ದನ್ನೆಲ್ಲ ಮುಚ್ಚದೆ ಹೇಳಿ ಪ್ರಾಯಶ್ಚಿತ್ತ ಏನು ಎಂದು ಕೇಳಿದರು. ಭಾಗವತರ ಶ್ರೀಪಾದತೀರ್ಥ, ಅಂದರೆ ಭಕ್ತರ ಕಾಲು ತೊಳೆದ ನೀರು ಸ್ವೀಕರಿಸುವುದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಇಲ್ಲ ಎಂದರು ಅವರು. ನಕ್ಕವರ ಮುಂದೆಯೇ ಬಗ್ಗಿ, ಅವರ ಕಾಲು ತೊಳೆದು ಆ ತೀರ್ಥ ತಲೆಗೆ ಹಾಕಿಕೊಂಡರು. ಆವತ್ತಿನಿಂದ ವಿಪ್ರನಾರಾಯಣ ಎಂಬ ಹೆಸರು ಬಿಟ್ಟರು. ಭಕ್ತರ ಅಡಿಯ ಪುಡಿ, ತೊಂಡರಡಿಪ್ಪೊಡಿ ಎಂದು ಕರೆದುಕೊಂಡರು.

ತೋಟಕ್ಕೆ ವಾಪಸು ಬಂದರು. ಒಣಗಿದ್ದನ್ನು ಕಿತ್ತು ಮತ್ತೆ ನೆಟ್ಟರು. ಗಿಡ ಹೂ ಬಿಡಲು ಅದರದೇ ಕಾಲ ಬೇಕು, ಪಶ್ಚಾತ್ತಾಪ ಆಯಿತು ಅಂತ ಮಾರನೇ ದಿನವೇ ಮಲ್ಲಿಗೆ ಅರಳುವುದಿಲ್ಲ. ಕಾದರು. ಮತ್ತೆ ಮಾಲೆ ಹೋಯಿತು. ದೇವದೇವಿಯ ವಿಷಯವನ್ನೂ ಹೇಳಿಬಿಡಬೇಕು, ಯಾಕಂದ್ರೆ ಕಥೆ ಹೇಳುವವರು ಎಲ್ಲಾ ತಪ್ಪನ್ನೂ ಅವಳ ತಲೆಗೆ ಕಟ್ಟಿ ಅಲ್ಲೇ ಬಿಟ್ಟುಬಿಡುತ್ತಾರೆ. ತನ್ನ ಬಾಗಿಲಿಗೆ ಬಟ್ಟಲು ಹಿಡಿದು ಬಂದವನು ಯಾರು ಎಂದು ತಿಳಿದ ಮೇಲೆ ಅವಳಿಗೂ ಆ ಮನೆಯಲ್ಲಿ ಇರಲು ಆಗಲಿಲ್ಲ. ಇದ್ದ ಐಶ್ವರ್ಯವನ್ನೆಲ್ಲ ರಂಗನಾಥನಿಗೆ ಒಪ್ಪಿಸಿ ಉಳಿದ ಬಾಳನ್ನು ದೇವಸ್ಥಾನದ ಸೇವೆಯಲ್ಲಿ ಕಳೆದಳು. ಹಿಂದೆ ಪಂತಕ್ಕಾಗಿ ಆಡಿದ ಸುಳ್ಳು ಮಾತನ್ನು ಕೊನೆಗೆ ನಿಜ ಮಾಡಿದಳು.

ಆಳ್ವಾರರು ರಚಿಸಿದ್ದು ಎರಡು ಪ್ರಬಂಧ. 45 ಪಾಶುರಗಳ ತಿರುಮಾಲೈ, 10 ಪಾಶುರಗಳ ತಿರುಪ್ಪಳ್ಳಿಯೆೞುಚ್ಚಿ. ಎರಡೂ ನಾಲಾಯಿರ ದಿವ್ಯಪ್ರಬಂಧದಲ್ಲಿ ಸೇರಿವೆ. ಬೇರೆ ಆಳ್ವಾರರು ಹಲವು ಕ್ಷೇತ್ರಗಳನ್ನು ಹಾಡಿದರೆ ಇವರು ಶ್ರೀರಂಗ ಬಿಟ್ಟು ಬೇರೆ ಯಾವ ಕ್ಷೇತ್ರದ ಮೇಲೂ ಪ್ರಬಂಧ ರಚಿಸಲಿಲ್ಲ. ತಿರುಮಾಲೈಯಲ್ಲಿ ಅವರು ತಮ್ಮ ತಪ್ಪನ್ನು ಎಲ್ಲೂ ಮುಚ್ಚಿಟ್ಟಿಲ್ಲ. ಹೆಂಗಸರ ಬಲೆಯಲ್ಲಿ ಸಿಕ್ಕಿದ್ದನ್ನು, ಸುಳ್ಳಿನ ಬಾಳನ್ನು ಹೇಳಿಕೊಂಡಿದ್ದಾರೆ. ಅದರಲ್ಲಿ 34ನೇ ಪಾಶುರ ಬಹಳ ವಿಶೇಷ. ಭಗವಂತ ಎದೆಯೊಳಗೇ ವಾಸವಾಗಿದ್ದಾನೆ ಎಂದು ನೆನೆಯುವ ಬುದ್ಧಿಯೂ ಇಲ್ಲದೆ, ದಾಸನ ವೇಷ ಮಾತ್ರ ಹಾಕಿಕೊಂಡು ಕಳ್ಳನಾಗಿದ್ದೆ, ಆದರೆ ಯಾರು ಏನು ಯೋಚಿಸಿದರೂ ಅವನು ಜೊತೆಯಲ್ಲೇ ಇದ್ದು ತಿಳಿದುಕೊಳ್ಳುತ್ತಾನೆ ಎಂದು ಅರಿವಾದಾಗ ನಾಚಿಕೆಯಿಂದ ತನ್ನೊಳಗೆ ತಾನೇ ಪಕ್ಕೆಲುಬು ಮುರಿಯುವ ಹಾಗೆ ನಕ್ಕೆ ಎಂಬುದು ಅದರ ಭಾವ. ಅಳುವ ಜಾಗದಲ್ಲಿ ನಕ್ಕಿದ್ದಾರೆ. ಒಳಗೆ ಕೂತು ಆರು ತಿಂಗಳು ಬೇಡ ಬೇಡ ಎಂದದ್ದು ಮನಸ್ಸಲ್ಲ, ಹೊರಗೆ ಯಾರಿಗೆ ಮಾಲೆ ಕಟ್ಟುತ್ತಿದ್ದರೋ ಅವನೇ ಎಂದು ತಿಳಿದ ಮೇಲಿನ ನಗು ಅದು. ನಮ್ಮ ಸಂಪ್ರದಾಯ ಅವನನ್ನು ಅಂತರ್ಯಾಮಿ ಎನ್ನುತ್ತದೆ.

ತಿರುಮಾಲೈಯ ಕೊನೆಕೊನೆಯ ಪಾಶುರಗಳಲ್ಲಿ ಕುಲ ನೋಡದೆ ಭಕ್ತರನ್ನು ಗೌರವಿಸಬೇಕು, ಕೀಳು ಕುಲದವರು ಎನಿಸಿಕೊಂಡವರಾದರೂ ಭಕ್ತರಾದರೆ ಅವರಿಗೆ ಕೊಡಬೇಕು, ಅವರಿಂದ ತೆಗೆದುಕೊಳ್ಳಬೇಕು ಎಂದೂ ಹೇಳಿದ್ದಾರೆ. ಎಲ್ಲರ ಪಾದತೀರ್ಥ ತೆಗೆದುಕೊಂಡವರಿಗೆ ಆ ಮಾತು ಬರೀ ಬಾಯಿಮಾತಲ್ಲ.

ತಿರುಪ್ಪಳ್ಳಿಯೆೞುಚ್ಚಿ ಎಂದರೆ ಸ್ವಾಮಿಯನ್ನು ನಿದ್ರೆಯಿಂದ ಎಬ್ಬಿಸುವುದು. ಈಗ ನಾವು ತಿರುಪತಿ ವೆಂಕಟೇಶ್ವರನ ಸುಪ್ರಭಾತ ಕೇಳುತ್ತೇವಲ್ಲ, ಅದಕ್ಕೆ ಎಷ್ಟೋ ನೂರು ವರ್ಷ ಹಿಂದಿನದು ಇದು. ಸೂರ್ಯ ಉದಯವಾಗುತ್ತಿದೆ, ಹೂವುಗಳು ಅರಳಿವೆ, ದೇವತೆಗಳು ಬಾಗಿಲಲ್ಲಿ ನೆರೆದಿದ್ದಾರೆ, ಏಳು ಎಂದು ಹೇಳುತ್ತಾ ಹೋಗುತ್ತದೆ. ಬೆಳಗ್ಗೆ ಏಳುವುದನ್ನೇ ಮರೆತಿದ್ದ ಮನುಷ್ಯ ಕೊನೆಗೆ ಭಗವಂತನನ್ನೇ ಬೆಳಗ್ಗೆ ಎಬ್ಬಿಸುವ ಕೆಲಸ ಹಿಡಿದರು ನೋಡಿ. ಹತ್ತನೇ ಪಾಶುರದಲ್ಲಿ ಅಂಕಿತದ ಜೊತೆಗೆ ತುಳಸಿಮಾಲೆಯನ್ನೂ ಹೂಬುಟ್ಟಿಯನ್ನೂ ಹೊತ್ತವನು ಎಂದು ತಮ್ಮನ್ನು ಹೇಳಿಕೊಂಡಿದ್ದಾರೆ.

ತಿರುಮಂಗೈ ಆಳ್ವಾರರು ಶ್ರೀರಂಗದಲ್ಲಿ ಪ್ರಾಕಾರ ಕಟ್ಟಿಸುವಾಗ ಗೋಡೆ ನೇರವಾಗಿ ಹೋದರೆ ಇವರ ತೋಟ ಹಾಳಾಗುತ್ತಿತ್ತಂತೆ. ಕಟ್ಟಿಸುವವರು ತೋಟ ಉಳಿಸಿ ಗೋಡೆಯನ್ನೇ ಪಕ್ಕಕ್ಕೆ ಸರಿಸಿದರು. ಅದಕ್ಕೆ ಮೆಚ್ಚಿ ಇವರು ಹೂಗಿಡ ಹದ ಮಾಡುವ ತಮ್ಮ ಆಯುಧಕ್ಕೆ ತಿರುಮಂಗೈಯವರ ಇನ್ನೊಂದು ಹೆಸರಾದ ಅರುಳ್ಮಾರಿ ಎಂದು ಹೆಸರಿಟ್ಟರು ಎನ್ನುತ್ತಾರೆ.

ಇವರ ಹೂವಿನ ಕೈಂಕರ್ಯದ ದಾರಿ ಅಲ್ಲಿಗೇ ನಿಲ್ಲಲಿಲ್ಲ. ಮೇಲುಕೋಟೆಯ ಯದುಗಿರಿಯಲ್ಲಿ ಚೆಲುವನಾರಾಯಣನ ಸೇವೆಯನ್ನು ವ್ಯವಸ್ಥೆ ಮಾಡಿದ ಶ್ರೀ ರಾಮಾನುಜಾಚಾರ್ಯರು, ತಿರುಮಲೆಯ ಚಳಿಯಲ್ಲಿ ಶ್ರೀನಿವಾಸನಿಗೆ ತೋಟ ಮಾಡಿ ಮಾಲೆ ಕಟ್ಟುವವರು ಯಾರು ಎಂದು ಕೇಳಿದಾಗ ಎದ್ದು ನಿಂತವರು ನಮ್ಮ ಕನ್ನಡ ನಾಡಿನವರೇ ಎಂದು ಹೇಳುವ ಅನಂತಾಳ್ವಾನ್. ಆ ಕಥೆ ಬೇರೆ, ಅದೂ ಚೆನ್ನಾಗಿದೆ.

ಧನುರ್ಮಾಸದಲ್ಲಿ ಶ್ರೀವೈಷ್ಣವ ದೇವಸ್ಥಾನಗಳಲ್ಲಿ ಬೆಳಗಿನ ಜಾವ ಗೋದಾದೇವಿಯ ತಿರುಪ್ಪಾವೈ ಜೊತೆಗೆ ತಿರುಪ್ಪಳ್ಳಿಯೆೞುಚ್ಚಿಯನ್ನೂ ಸೇವಿಸುತ್ತಾರೆ. ಆ ತಿಂಗಳಲ್ಲಿ ಬರುವ ಯಾತ್ರಿಕರು ಸ್ವಲ್ಪ ಬೇಗ ಎದ್ದು, ಚಳಿಗೆ ಒಂದು ಶಾಲು ಹೊದ್ದು ಬಂದರೆ ಕೇಳಬಹುದು. ಅದೇ ಮಾಸದ ಜ್ಯೇಷ್ಠಾ ನಕ್ಷತ್ರದ ದಿನ ಇವರ ತಿರುನಕ್ಷತ್ರ. ಸ್ವಾಮಿಯ ದರ್ಶನ ಮುಗಿಸಿ ಪ್ರದಕ್ಷಿಣೆ ಬರುವಾಗ ಆಳ್ವಾರರ ಸಾಲಿನ ಮುಂದೆ ಒಂದು ಕ್ಷಣ ನಿಂತು ನೋಡಿ. ಹನ್ನೆರಡು ಮಂದಿಯಲ್ಲಿ ಯಾರು ಯಾರೆಂದು ಗುರುತು ಸಿಗದಿದ್ದರೂ ಇವರು ಸಿಗುತ್ತಾರೆ. ತೋಳಿಗೆ ಹೂಬುಟ್ಟಿ ತಗುಲಿಸಿಕೊಂಡು ನಿಂತವರು ಇವರೇ.